ಮಸ್ಕೋಗಿಗೆ ಹತ್ತೊಂಬತ್ತು ಮೈಲಿ

ನಾನು ಕಂಟ್ರಿ ಮ್ಯೂಸಿಕ್ (ಅಮೆರಿಕದ ಹಳ್ಳಿಗಾಡಿನ ಹಾಡು) ಕೇಳ್ತೀನಿ ಅಂದ್ರೆ ಇಲ್ಲಿ ಮೊದ್ಲು ನಗೋರು ನಮ್ಮೋರೇ. ಟೆಕ್ಸಾಸ್‌ನ ಡಾಲಸ್ ಪಕ್ಕ ಫ್ರಿಸ್ಕೋದಲ್ಲಿ ನಾವಿರೋ ರಸ್ತೇಲಿ ಅರ್ಧಕ್ಕರ್ಧ ಮನೆ ದೇಸಿಗಳದ್ದು, ಯುಗಾದಿಗೆ ಬಾಗಿಲಿಗೆ ಮಾವಿನ ತೋರಣ (ಪ್ಲಾಸ್ಟಿಕ್ಕಿಂದು, ಆದ್ರೂ ತೋರಣಾನೇ) ಕಟ್ಟೋ ಏರಿಯಾ ಇದು. ಇಂಥಲ್ಲಿ ಇದ್ಕೊಂಡು ಕಾರಲ್ಲಿ ಸ್ಟೀಲ್ ಗಿಟಾರ್ ಕುಯ್ಯೋ ಅನ್ನಿಸ್ಕೊಂಡು ಹೋಗೋಳು ನಾನೊಬ್ಳೇ. ತಪ್ಪು ನಂದಲ್ಲ. 2013ರಲ್ಲಿ ಬಂದ ಹೊಸ್ತರಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಬ್ಲೂಟೂತ್ ಇರ್ಲಿಲ್ಲ, ಹಿಂದೆ ಓಡಿಸ್ತಿದ್ದ ಪುಣ್ಯಾತ್ಮ ರೇಡಿಯೋದ ಬಟನ್‌ಗಳಿಗೆಲ್ಲ ಕಂಟ್ರಿ ಸ್ಟೇಷನ್ನೇ ಸೆಟ್ ಮಾಡಿಟ್ಟಿದ್ದ, ಅದನ್ನ ಬದ್ಲಾಯ್ಸೋದು ಹೇಗೆ ಅಂತ ಗೊತ್ತಾಗೋ ಹೊತ್ತಿಗೆ ನಂಗೆ ಚಟ ಹತ್ತಿಬಿಟ್ಟಿತ್ತು. ಮೊದಮೊದ್ಲು ಒಂದು ಪದಾನೂ ತಿಳೀತಿರ್ಲಿಲ್ಲ, ಮೂಗಲ್ಲಿ ಹಾಡ್ತಾರೆ, ಅರ್ಧ ಅಕ್ಷರ ನುಂಗ್ತಾರೆ. ಆಮೇಲಾಮೇಲೆ ತಿಳಿಯೋಕೆ ಶುರುವಾಯ್ತು: ಟ್ರಕ್ಕು, ಬಿಯರು, ಅಮ್ಮ, ಚರ್ಚು, ಬಿಟ್ಟು ಹೋದ ಹುಡುಗಿ, ಮತ್ತೆ ಎಲ್ಲದಕ್ಕಿಂತ ಹೆಚ್ಚಾಗಿ ಊರು.

ಊರು ಅನ್ನೋ ಪದಕ್ಕೆ ಇಂಗ್ಲಿಷಲ್ಲಿ ಸರಿಯಾದ ಪದ ಇಲ್ಲ ಅಂತ ನಾನು ತುಂಬಾ ದಿನದಿಂದ ಅಂದ್ಕೊಂಡಿದ್ದೆ. ‘ನಿಮ್ದು ಯಾವೂರು’ ಅಂತ ಯಾರಾದ್ರೂ ಕೇಳಿದ್ರೆ ನಾವು ಈಗಿರೋ ಜಾಗ ಹೇಳಲ್ಲ, ಹುಟ್ಟಿದ ಆಸ್ಪತ್ರೆ ಇರೋ ಪೇಟೇನೂ ಹೇಳಲ್ಲ. ಬೆಂಗಳೂರಲ್ಲೇ ನಲವತ್ತು ವರ್ಷ ಇದ್ದೋರೂ ‘ನಮ್ದು ಚನ್ನರಾಯಪಟ್ಣದ ಹತ್ರ ಒಂದು ಹಳ್ಳಿ’ ಅಂತಾರೆ. ಆ ಅರ್ಥದ ಊರು ನಂಗೆ ಅಮೆರಿಕದಲ್ಲಿ ಎಲ್ಲೂ ಸಿಗ್ಲಿಲ್ಲ, ಆಫೀಸಲ್ಲಿ ಎಲ್ಲ ಮೂರು ವರ್ಷಕ್ಕೊಂದು ರಾಜ್ಯ ಬದಲಾಯ್ಸಿದೋರು. ಸಿಕ್ಕಿದ್ದು ಈ ರೇಡಿಯೋದಲ್ಲಿ. ಇದರಲ್ಲಿ ಒಬ್ಬ ಹಾಡುಗಾರ ಕಂಟ್ರಿಗೆ ರಾಜಧಾನಿ ಥರ ಇರೋ ನ್ಯಾಶ್‌ವಿಲ್‌ನಲ್ಲಿ ದೊಡ್ಡ ಬಂಗ್ಲೆ ಕಟ್ಕೊಂಡು ಇರ್ತಾನೆ, ಹಾಡಲ್ಲಿ ಮಾತ್ರ ಇನ್ನೂ ಒಂದೇ ಟ್ರಾಫಿಕ್ ಲೈಟ್ ಇರೋ ಅವನ ಊರಲ್ಲೇ ಇರ್ತಾನೆ. ನನ್ನ ಸ್ಥಿತೀನೂ ಹೆಚ್ಚು ಕಮ್ಮಿ ಅದೇ ಆದ್ರಿಂದ ಇಷ್ಟ ಆಯ್ತೇನೋ.

ಇಷ್ಟ ಆಗಿದ್ದು ಸರಿ. 2025ರ ಏಪ್ರಿಲ್‌ನಲ್ಲಿ ಅದಕ್ಕೊಂದು ಮುಳ್ಳು ಚುಚ್ಕೊಂಡ್ತು, ಇನ್ನೂ ಹೊರಗೆ ಬಂದಿಲ್ಲ. ಅದನ್ನೇ ಇಲ್ಲಿ ಬರ್ಕೊಳ್ತಾ ಇದೀನಿ.

ಹಿನ್ನೀರು

2025ರ ಏಪ್ರಿಲ್ ಮೊದಲ ವಾರ ಟಲ್ಸಾದಲ್ಲಿರೋ ಗೆಳತಿ ಮನೆಗೆ ಹೊರಟಿದ್ವಿ. ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗ. ಡಾಲಸ್‌ನಿಂದ 75ನೇ ಹೈವೇಲಿ ಉತ್ತರಕ್ಕೆ ಹೋಗಿ ರೆಡ್ ರಿವರ್ ದಾಟಿದ್ರೆ ಓಕ್ಲಹೋಮ. ದಾಟಿದ ಕೂಡ್ಲೇ ಡ್ಯುರಂಟ್ ಊರಿನ ಚಾಕ್ಟಾ ಕ್ಯಾಸಿನೋ ಸಿಗುತ್ತೆ, ನಮ್ಮ ಕಡೆ ದೇಸಿಗಳಲ್ಲಿ ಮುಕ್ಕಾಲು ಜನಕ್ಕೆ ಓಕ್ಲಹೋಮ ಅಂದ್ರೆ ಅಷ್ಟೇ ಗೊತ್ತಿರೋದು, ‘ವೀಕೆಂಡ್ ಡ್ಯುರಂಟ್‌ಗೆ ಹೋಗಿದ್ವಿ’ ಅಂದ್ರೆ ಎಷ್ಟು ಕಳ್ಕೊಂಡ್ರಿ ಅಂತ ಕೇಳೋದು ವಾಡಿಕೆ. ಅಲ್ಲಿಂದ 69 ಹಿಡಿದು ಅಟೋಕ, ಮೆಕ್ಯಾಲೆಸ್ಟರ್ ದಾಟ್ತಾ ಇದ್ದ ಹಾಗೆ ಬಯಲು ಮುಗಿದು ಗುಡ್ಡ ಶುರುವಾಗುತ್ತೆ. ರೆಡ್‌ಬಡ್ ಮರಗಳೆಲ್ಲ ಎಲೆ ಬರೋಕೆ ಮುಂಚೆ ಹೂ ಬಿಟ್ಕೊಂಡು ನಿಂತಿದ್ವು. ಅದಾದ್ಮೇಲೆ ರಸ್ತೆ ಇದ್ದಕ್ಕಿದ್ದ ಹಾಗೆ ನೀರಿನ ಮೇಲೆ ಹೋಗೋಕೆ ಶುರುವಾಯ್ತು. ಎರಡೂ ಕಡೆ ನೀರು. ದಡದ ಹತ್ರ ನೀರೊಳಗಿಂದ ಬೋಳು ಮರದ ಬೊಡ್ಡೆಗಳು ಎದ್ದು ನಿಂತಿವೆ, ಒಂದೂ ಎಲೆ ಇಲ್ಲ, ಮೇಲೆ ಒಂದು ನೀರು ಕಾಗೆ.

ನಾನು ‘ಇದು ಕೆರೆ ಅಲ್ಲ, ಹಿನ್ನೀರು’ ಅಂದೆ. ಗಂಡ ಮೈಸೂರಿನವ್ರು, ಅವ್ರಿಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ. ಸಾಗರದ ಕಡೆಯೋರಿಗೆ ಗೊತ್ತಾಗುತ್ತೆ. ಕೆರೆಗೆ ಒಂದು ಅಂಚು ಇರುತ್ತೆ, ಹಿನ್ನೀರು ಗುಡ್ಡದ ಸಂದಿಸಂದೀಲಿ ನುಗ್ಗಿ ಕೂತಿರುತ್ತೆ, ಅದರೊಳಗೆ ಸತ್ತ ಮರ ಇರುತ್ತೆ, ರಸ್ತೆ ಹೋಗಿ ನೀರೊಳಗೆ ಇಳಿದಿರುತ್ತೆ. ನಮ್ಮ ಅಪ್ಪಯ್ಯನ ಊರು ಕರೂರು ಸೀಮೇದು, ಲಿಂಗನಮಕ್ಕಿ ಆಣೆಕಟ್ಟು ಆದಾಗ ಮುಳುಗಿದ್ದು. 1964. ಅವಾಗ ಅಪ್ಪಯ್ಯಂಗೆ ಒಂಬತ್ತು ವರ್ಷ. ಮೊಬೈಲ್ ತೆಗ್ದು ನೋಡಿದೆ: ನಾವು ದಾಟ್ತಾ ಇದ್ದದ್ದು ಲೇಕ್ ಯುಫಾಲ, ಕೆನೇಡಿಯನ್ ಅನ್ನೋ ನದಿಗೆ ಕಟ್ಟಿದ ಆಣೆಕಟ್ಟಿಂದು, ಪ್ರೆಸಿಡೆಂಟ್ ಲಿಂಡನ್ ಜಾನ್ಸನ್ ಬಂದು ಉದ್ಘಾಟನೆ ಮಾಡಿದ್ದು 1964ರ ಸೆಪ್ಟೆಂಬರ್ 25ಕ್ಕೆ. ಒಂದೇ ವರ್ಷ! ಪ್ರಪಂಚದಲ್ಲಿ ಆ ಕಾಲಕ್ಕೆ ಎಲ್ಲಾ ಕಡೆ ಡ್ಯಾಮ್ ಕಟ್ತಾ ಇದ್ರು ಬಿಡಿ, ಅದರಲ್ಲೇನು ಪವಾಡ ಇಲ್ಲ. ಆದ್ರೂ ಮೈ ಜುಂ ಅಂತು.

ಅದೇ ಹೊತ್ತಿಗೆ ಹಳೇ ಹಾಡು ಹಾಕೋ ಸ್ಟೇಷನ್‌ನಲ್ಲಿ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ ಶುರು ಮಾಡಿದ. ‘ಓಕಿ ಫ್ರಂ ಮಸ್ಕೋಗಿ’. ನಾನು ಮಸ್ಕೋಗಿ ಊರಿನ ಓಕಿ (ಓಕ್ಲಹೋಮದೋನು), ಅದೇ ನಂಗೆ ಹೆಮ್ಮೆ, ಅನ್ನೋ ಹಾಡು. 1969ರದ್ದು, ವಿಯೆಟ್ನಾಂ ಯುದ್ಧದ ವಿರುದ್ಧ ಕಾಲೇಜು ಹುಡುಗ್ರು ಬೀದಿಗೆ ಇಳಿದಿದ್ದಾಗ ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲಪ್ಪ ಅಂತ ಎದೆ ತಟ್ಕೊಂಡಿದ್ದ ಹಾಡು. ಸಣ್ಣ ಊರಿನ ಮರ್ಯಾದಸ್ತರ ರಾಷ್ಟ್ರಗೀತೆ ಥರ ಆಗ್ಹೋಯ್ತು ಅದು. ಸೇತುವೆ ಮುಗೀತು, ‘ಮಸ್ಕೋಗಿ ನೇಷನ್’ ಗಡಿ ಅನ್ನೋ ಬೋರ್ಡು ಬಂತು, ಹಾಡು ನಡೀತಾನೇ ಇತ್ತು. ಈ ಹಾಡು ನಾನು ನೂರು ಸಲ ಕೇಳಿದೀನಿ. ಮಸ್ಕೋಗಿ ಅನ್ನೋದು ಊರಿನ ಹೆಸರಾಗೋಕೆ ಮುಂಚೆ ಒಂದು ಮೂಲನಿವಾಸಿ ಜನದ ಹೆಸರು ಅನ್ನೋದು ಮಾತ್ರ ಆವತ್ತಿನ ತನಕ ತಲೆಗೆ ಹೊಳೆದಿರ್ಲಿಲ್ಲ.

ಗೇಣಿ ಬಿಟ್ಟು ಹೋದವರು

ಹ್ಯಾಗರ್ಡ್ ಮಸ್ಕೋಗಿಯವನಲ್ಲ. ಓಕ್ಲಹೋಮದವನೂ ಅಲ್ಲ. ಹುಟ್ಟಿದ್ದು 1937ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಪಕ್ಕ ಆಯಿಲ್‌ಡೇಲ್‌ನಲ್ಲಿ. ಮನೆ ಅಂದ್ರೆ ಒಂದು ಹಳೇ ರೈಲು ಬೋಗಿ, ಅದಕ್ಕೆ ಅವರಪ್ಪ ಕಿಟಕಿ ಬಾಗಿಲು ಇಟ್ಟು ಮನೆ ಮಾಡ್ಕೊಂಡಿದ್ದು. (ಆ ಬೋಗಿ ಈಗ ಮ್ಯೂಸಿಯಂನಲ್ಲಿದೆ.) ಅಪ್ಪ ಅಮ್ಮ ಓಕ್ಲಹೋಮದ ಚೆಕೋಟಾ ಕಡೆಯೋರು, ಕೊಟ್ಟಿಗೆ ಸುಟ್ಟುಹೋಗಿ ಎಲ್ಲ ಕಳ್ಕೊಂಡು ಕ್ಯಾಲಿಫೋರ್ನಿಯಾಗೆ ಗುಳೆ ಹೋದ್ರು. ಇವನಿಗೆ ಒಂಬತ್ತು ವರ್ಷ ಆದಾಗ ಅಪ್ಪ ಸತ್ತ, ಹುಡುಗ ಕೆಟ್ಟ, ಸ್ಯಾನ್ ಕ್ವೆಂಟಿನ್ ಜೈಲಿಗೆ ಹೋಗಿ ಬಂದ, ಅಲ್ಲಿ ಕೈದಿಗಳ ಮುಂದೆ ಹೆಸರಾಂತ ಗಾಯಕ ಜಾನಿ ಕ್ಯಾಶ್ ಹಾಡಿದ್ದು ಕೂತು ಕೇಳಿದ್ದ. ಇವೆಲ್ಲ ಕಂಟ್ರಿ ಕೇಳೋರಿಗೆ ಬಾಯಿಪಾಠ. ಹಾಡು ಹುಟ್ಟಿದ ಕತೆಯೂ ಅಷ್ಟೇ ಪ್ರಸಿದ್ಧ: ಬ್ಯಾಂಡಿನ ಬಸ್ಸು ಓಕ್ಲಹೋಮ ದಾಟ್ತಾ ಇತ್ತು, ‘ಮಸ್ಕೋಗಿ 19 ಮೈಲಿ’ ಅನ್ನೋ ಬೋರ್ಡ್ ಕಾಣಿಸ್ತು, ಯಾರೋ ಒಂದು ತಮಾಷೆ ಮಾಡಿದ್ರು, ಅಲ್ಲಿಂದ ಹಾಡಾಯ್ತು. ಅಂದ್ರೆ ಸಣ್ಣೂರಿನ ಅಭಿಮಾನದ ಅತಿ ದೊಡ್ಡ ಹಾಡು ಬರೆದೋನು ಆ ಊರಿಂದ 19 ಮೈಲಿ ದೂರದಲ್ಲಿ, ಹೈವೇ ಮೇಲೆ, ಇಳಿಯದೆ ಹೋಗ್ತಾ ಇದ್ದ.

‘ಓಕಿ’ ಅನ್ನೋದು ಹೆಮ್ಮೆಯ ಪದ ಆಗಿದ್ದೇ ಆ ಹಾಡಿಂದ. ಅದಕ್ಕೆ ಮುಂಚೆ ಅದು ಬೈಗುಳ. 1930ರ ದಶಕದಲ್ಲಿ ಓಕ್ಲಹೋಮ, ಟೆಕ್ಸಾಸ್, ಅರ್ಕನ್ಸಾ ಕಡೆಯಿಂದ ಹೋದ ಬಡ ಬಿಳಿಯರನ್ನೆಲ್ಲ ಕ್ಯಾಲಿಫೋರ್ನಿಯಾದಲ್ಲಿ ಒಟ್ಟಾಗಿ ಓಕಿ ಅಂತಿದ್ರು, ನಮ್ಮಲ್ಲಿ ಕೆಲವರು ‘ಯುಪಿ ಬಿಹಾರದೋರು’ ಅನ್ನೋವಾಗ ಮುಖ ಹೇಗೆ ಮಾಡ್ತಾರೋ ಹಾಗೆ. 1936ರ ಫೆಬ್ರವರೀಲಿ ಲಾಸ್ ಏಂಜಲಿಸ್ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ 136 ಪೊಲೀಸರನ್ನ ರಾಜ್ಯದ ಗಡಿಗೇ ಕಳಿಸಿದ್ದ. ನಗರದ ಪೊಲೀಸರು ನೂರಾರು ಮೈಲಿ ಆಚೆ ಅರಿಜೋನ, ನೆವಾಡ, ಓರೆಗನ್ ಗಡೀಲಿ ನಿಂತ್ಕೊಂಡು ಗಾಡಿ ತಡೆದು, ಕೈಯಲ್ಲಿ ದುಡ್ಡಿಲ್ಲದೋರನ್ನ ವಾಪಸ್ ಕಳಿಸ್ತಿದ್ರು. ಅದೇ ದೇಶದ ಪ್ರಜೆಗಳು ಸ್ವಾಮಿ, ಪಾಸ್‌ಪೋರ್ಟ್ ವೀಸಾ ಪ್ರಶ್ನೆನೇ ಇಲ್ಲ. ಬಡ ನೆಂಟರನ್ನ ರಾಜ್ಯದೊಳಗೆ ಕರ್ಕೊಂಡು ಬರೋದೇ ಅಪರಾಧ ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇತ್ತು. ಎಡ್ವರ್ಡ್ಸ್ ಅನ್ನೋನು ತನ್ನ ಬಾಮೈದನ್ನ ಟೆಕ್ಸಾಸ್‌ನಿಂದ ಕಾರಲ್ಲಿ ಕರ್ಕೊಂಡು ಬಂದಿದ್ದಕ್ಕೆ ಕೇಸು ಹಾಕಿದ್ರು, 1941ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನ ಹೊಡೆದು ಹಾಕ್ತು.

ಇನ್ನೊಂದು ವಿಷಯ. ನಾನೂ ಎಲ್ಲರ ಹಾಗೆ ಧೂಳಿನ ಬಿರುಗಾಳಿಯಿಂದಾನೇ ಇವರೆಲ್ಲ ಓಡಿಹೋದ್ರು ಅಂದ್ಕೊಂಡಿದ್ದೆ. ಧೂಳು ಹೆಚ್ಚಾಗಿ ಬಿದ್ದಿದ್ದು ಪಶ್ಚಿಮದ ತುದಿಯ ಗೋಧಿ ಸೀಮೇಲಿ. ಊರು ಬಿಟ್ಟೋರಲ್ಲಿ ಬಹಳ ಜನ ಪೂರ್ವದ ಹತ್ತಿ ಸೀಮೆಯ ಗೇಣಿದಾರರು. ಬರ ಬಂತು, ಹತ್ತಿ ಬೆಲೆ ಬಿತ್ತು, ಅದರ ಮೇಲೆ 1933ರಲ್ಲಿ ಸರ್ಕಾರ ಬೆಲೆ ಏರಿಸೋಕೆ ಅಂತ ಬಿತ್ತನೆ ಕಮ್ಮಿ ಮಾಡಿದ್ರೆ ದುಡ್ಡು ಕೊಡ್ತೀವಿ ಅಂತು. ದುಡ್ಡು ಬಂದಿದ್ದು ಜಮೀನು ಯಾರ ಹೆಸರಲ್ಲಿದ್ಯೋ ಅವರಿಗೆ. ಒಡೆಯರು ಗೇಣಿಯೋರನ್ನ ಬಿಡಿಸಿ, ಬಂದ ದುಡ್ಡಲ್ಲಿ ಟ್ರಾಕ್ಟರ್ ತಗೊಂಡ್ರು. ಗೇಣಿದಾರರ ಚಳವಳಿ ನಡೆದ ಕಾಗೋಡು ಸಾಗರ ತಾಲೂಕಲ್ಲೇ ಇರೋದ್ರಿಂದ ‘ಗೇಣಿ ಒಕ್ಕಲು ಬಿಡಿಸೋದು’ ಅಂದ್ರೆ ಏನು ಅಂತ ನಮ್ಮ ಮನೇಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಟೆಕ್ಸ್ಟ್ ಬುಕ್ಕಿನ ಓಕಿ ಗಾಳಿಗೆ ಸಿಕ್ಕಿ ಹಾರಿ ಹೋದವನು. ಚೆಕೋಟಾ ಕಡೆಯ ಓಕಿಯನ್ನ ಪಹಣಿ ಹಾರಿಸ್ತು.

ಯಾವ ಪೈಕಿ?

ಆ ಚೆಕೋಟಾದಲ್ಲೇ ಪೆಟ್ರೋಲ್ ಹಾಕ್ಸೋಕೆ ನಿಲ್ಲಿಸಿದ್ವಿ. ಕಂಟ್ರಿಯವರಿಗೆ ಅದು ಕ್ಯಾರಿ ಅಂಡರ್‌ವುಡ್ ಬೆಳೆದ ಊರು, ಆ ವರ್ಷ ಜನವರಿ 20ಕ್ಕೆ ಟ್ರಂಪ್ ಪ್ರಮಾಣವಚನದಲ್ಲಿ ಹಿನ್ನೆಲೆ ಸಂಗೀತದ ಟ್ರ್ಯಾಕ್ ಕೈಕೊಟ್ಟಾಗ ಹಾಗೇ ಬಾಯಲ್ಲೇ ಹಾಡಿ ಮುಗಿಸಿದ್ಲಲ್ಲ, ಅವಳು. ಪಂಪ್‌ನಲ್ಲಿ ಕಾರ್ಡ್ ರೀಡರ್ ಕೆಟ್ಟಿತ್ತು, ಒಳಗೆ ಹೋದೆ. ಕೌಂಟರಲ್ಲಿ ಅರವತ್ತರ ಆಸುಪಾಸಿನ ಹೆಂಗಸು, ನರೆತ ಕೂದ್ಲು, ಒಂದೇ ಜಡೆ ಎದೆ ಮೇಲೆ ಇಳಿಬಿಟ್ಕೊಂಡಿದ್ರು, ನಮ್ಮ ಸೋದರತ್ತೆ ಥರಾನೇ. ನನ್ನ ಮುಖ ನೋಡಿ ಕೇಳಿದ್ರು:

‘ನಿಮ್ದು ಯಾವ ಟ್ರೈಬು?’

‘ಇಲ್ಲ, ನಾನು ಇಂಡಿಯಾದವಳು. ಆ ಇಂಡಿಯಾ.’

‘ಓ, ಆ ಇಂಡಿಯಾ’ ಅಂದು ಜೋರಾಗಿ ನಕ್ರು. ಆಮೇಲೆ, ‘ಅಲ್ಲಿ ಯಾವ ಟ್ರೈಬು ಮತ್ತೆ?’

ನಾನು ಒಂದು ಕ್ಷಣ ಪೆಚ್ಚಾದೆ. ಟೆಕ್ಸಾಸ್‌ಗೆ ಬಂದು ಹನ್ನೆರಡು ವರ್ಷ ಆದ್ಮೇಲೆ ನನ್ನನ್ನ ಒಬ್ರು ‘ನೀವು ಯಾವ ಪೈಕಿ’ ಅಂತ ನೇರವಾಗಿ ಕೇಳಿದ್ದು, ಅದೂ ಚೆಕೋಟಾದಲ್ಲಿ! ನಮ್ಮೋರಾದ್ರೆ ಮೊದ್ಲು ಸರ್‌ನೇಮ್ ಕೇಳಿ, ಆಮೇಲೆ ‘ನಾನ್ ವೆಜ್ ತಿಂತೀರಾ’ ಅಂತ ಕೇಳಿ, ಸುತ್ತಿ ಬಳಸಿ ಅಲ್ಲಿಗೆ ಬರ್ತಾರೆ. ನಾನು ಏನೋ ತೊದಲಿ ‘ನಮ್ದು ಗುಡ್ಡದ ಕಡೆ, ತುಂಬಾ ಮಳೆ’ ಅಂದೆ. ಅವರಿಗೆ ಅದು ಸಾಕಾಯ್ತು. ತಾವು ಮಸ್ಕೋಗಿ ಅಂದ್ರು, ಊರಿನ ಮಸ್ಕೋಗಿ ಅಲ್ಲ, ಜನ ಮಸ್ಕೋಗಿ. ಕ್ರೀಕ್ ಅಂತ್ಲೂ ಅಂತಾರೆ. ಅವರಲ್ಲಿ ಮೊದ್ಲು ಕೇಳೋದೇ ಯಾವೂರು ಅಂತ, ಅವರ ಭಾಷೇಲಿ ಊರಿಗೆ ‘ಎತಲ್ವ’ ಅಂತಾರಂತೆ, ಅದು ತಾಯಿ ಕಡೆಯಿಂದ ಬರುತ್ತಂತೆ. (ಅಳಿಯಸಂತಾನದೋರು ನಮ್ಮಲ್ಲೂ ಇದಾರೆ ಅಂತ ಹೇಳೋಣ ಅನ್ನಿಸ್ತು, ಹಿಂದೆ ಕ್ಯೂ ಇತ್ತು.) ‘ನಮ್ಮೂರು ಅಲಬಾಮಾದಲ್ಲಿದೆ’ ಅಂದ್ರು. ಯಾವಾಗ ಬಂದ್ರಿ ಇಲ್ಲಿಗೆ ಅಂದೆ, ಪೆದ್ದಿ ಥರ. ‘ನಾನು ಹುಟ್ಟಿದ್ದೇ ಇಲ್ಲಿ. ಅಲಬಾಮಾ ನೋಡೇ ಇಲ್ಲ.’ ಇಷ್ಟು ಹೇಳಿ ನಿಮ್ಮ ಪಂಪ್ ನಂಬರ್ ಎಷ್ಟು ಅಂತ ಕೇಳಿದ್ರು, ಮಗ ತಂದಿಟ್ಟ ಐಸಿನ ಶರಬತ್ತಿಗೂ ಸೇರಿಸಿ ಬಿಲ್ ಮಾಡಿದ್ರು.

ನೂರತೊಂಬತ್ತು ವರ್ಷ ಆಗಿದೆ ಆ ಊರು ಬಿಟ್ಟು. 1830ರಲ್ಲಿ ಆಂಡ್ರೂ ಜಾಕ್ಸನ್ ಕಾನೂನು ತಂದು ಆಗ್ನೇಯ ರಾಜ್ಯಗಳಲ್ಲಿದ್ದ ಚೆರೋಕಿ, ಕ್ರೀಕ್, ಚಾಕ್ಟಾ ಇವರನ್ನೆಲ್ಲ ಮಿಸಿಸಿಪಿ ನದಿ ಆಚೆಗೆ ದಬ್ಬಿದ್ದು. ಚೆರೋಕಿಗಳಲ್ಲಿ ಸುಮಾರು 16 ಸಾವಿರ ಜನ ಹೊರಟು ನಾಲ್ಕು ಸಾವಿರದಷ್ಟು ಜನ ಸತ್ರು ಅಂತ ಲೆಕ್ಕ. ಆ ದಾರಿಗೆ ‘ಕಣ್ಣೀರ ಹಾದಿ’ ಅಂತ್ಲೇ ಹೆಸರು. ಬಂದೋರು ಹಳೇ ಊರಿನ ಹೆಸರುಗಳನ್ನೇ ಹೊಸ ಜಾಗಕ್ಕೂ ಇಟ್ಕೊಂಡ್ರು. ನಾನು ದಾಟಿದ ಯುಫಾಲ ಅನ್ನೋದು ಅಲಬಾಮಾದ ಕ್ರೀಕ್ ಊರಿನ ಹೆಸರು. ಅವರು ಇಲ್ಲಿ ಬಂದು ಕಟ್ಕೊಂಡ ಮೊದಲ ಊರುಗಳಲ್ಲಿ ಒಂದು ನಾರ್ತ್ ಫೋರ್ಕ್ ಟೌನ್. ಅದೀಗ ಅದೇ ಹಿನ್ನೀರಿನ ಕೆಳಗಿದೆ. ಚೆಕೋಟಾ ಅನ್ನೋ ಹೆಸರು ಕೂಡ ಸ್ಯಾಮ್ಯುಯಲ್ ಚೆಕೋಟಿ ಅನ್ನೋ ಕ್ರೀಕ್ ಮುಖ್ಯಸ್ಥನದ್ದೇ, ಒಂದಕ್ಷರ ಬದಲಾಗಿದೆ ಅಷ್ಟೇ.

ಬಗರ್ ಹುಕುಂ

ಸರಿ, ಈ ಜಮೀನು ಅವರದ್ದಾಗಿದ್ರೆ ಹ್ಯಾಗರ್ಡ್‌ನ ಅಪ್ಪ ಅಮ್ಮ ಅಲ್ಲಿಗೆ ಹೇಗೆ ಬಂದ್ರು? ಇದು ನಮ್ಮ ತಹಸೀಲ್ದಾರ್ ಆಫೀಸಿನ ಕತೆ ಥರಾನೇ ಇದೆ. ಹುಲ್ಲು ಬೆಳೆಯುವ ತನಕ ನೀರು ಹರಿಯುವ ತನಕ ಇದು ನಿಮ್ಮದು ಅನ್ನೋ ಥರದ ಮಾತು ಕೊಟ್ಟು ಕರ್ಕೊಂಡು ಬಂದಿದ್ರು. ಜಮೀನು ಇಡೀ ಜನಾಂಗದ್ದು, ಒಬ್ಬೊಬ್ಬರ ಹೆಸರಲ್ಲಿ ಇರ್ಲಿಲ್ಲ, ಹಾಗಾಗಿ ಒಬ್ಬ ಮಾರೋಕೆ ಆಗ್ತಿರ್ಲಿಲ್ಲ. ಅದೇ ಸರ್ಕಾರಕ್ಕೆ ತಲೆನೋವು. ಓಕ್ಲಹೋಮದ ಮಧ್ಯ ಭಾಗದಲ್ಲಿ ಯಾವ ಜನಕ್ಕೂ ಹಂಚದೆ ಉಳಿದ ಸುಮಾರು 20 ಲಕ್ಷ ಎಕರೆ ಇತ್ತು, ಅದರೊಳಗೆ ಕದ್ದು ನುಗ್ಗಿ ಗುಡಿಸಲು ಹಾಕೋ ಗುಂಪುಗಳಿಗೆ ‘ಬೂಮರ್ಸ್’ ಅಂತಿದ್ರು. ಸೈನ್ಯ ಎಬ್ಬಿಸ್ತಿತ್ತು, ಅವರು ಮತ್ತೆ ಬರ್ತಿದ್ರು. ಬಗರ್ ಹುಕುಂ, ಅಪ್ಪಟ. ಕೊನೆಗೆ ಸರ್ಕಾರಾನೇ 1889ರ ಏಪ್ರಿಲ್ 22ಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಓಡಿ ಹಿಡ್ಕೊಳ್ಳಿ ಅಂತು. ಐವತ್ತು ಸಾವಿರದಷ್ಟು ಜನ ಕುದುರೆ, ಗಾಡಿ, ರೈಲು, ಕಾಲ್ನಡಿಗೇಲಿ ಗೆರೆ ಮೇಲೆ ನಿಂತಿದ್ರು, ಸಿಗ್ನಲ್ ಆದ ಕೂಡ್ಲೇ ನುಗ್ಗಿದ್ರು, ಯಾರು ಮೊದ್ಲು ಗೂಟ ಹೊಡೀತಾರೋ ಅವರಿಗೆ 160 ಎಕರೆ. ಬೆಳಗ್ಗೆ ಒಂದು ರೈಲು ನಿಲ್ದಾಣ ಬಿಟ್ರೆ ಏನೂ ಇಲ್ಲದ ಗುತ್ರೀಲಿ ರಾತ್ರಿ ಹೊತ್ತಿಗೆ ಹತ್ತು ಸಾವಿರ ಜನ ಟೆಂಟ್ ಹಾಕ್ಕೊಂಡಿದ್ರು. ಗಂಟೆಗೆ ಮುಂಚೇನೇ ಒಳಗೆ ಹೋಗಿ ಪೊದೇಲಿ ಅವಿತು ಕೂತಿದ್ದು, ಹನ್ನೆರಡಾದ ತಕ್ಷಣ ‘ನಾನೇ ಫಸ್ಟು’ ಅಂತ ಎದ್ದು ಬಂದ ಕಳ್ಳರಿಗೆ ‘ಸೂನರ್ಸ್’ ಅಂದ್ರು. ಆ ಬೈಗುಳ ಈಗ ಓಕ್ಲಹೋಮ ಯೂನಿವರ್ಸಿಟಿಯ ಫುಟ್ಬಾಲ್ ಟೀಮಿನ ಹೆಸರು! ನಮ್ಮ ಪಕ್ಕದ ಮನೆ ತೆಲುಗಿನೋರ ಹುಡುಗ ಅಲ್ಲಿ ಸೀಟು ಸಿಕ್ಕಿದ್ದಕ್ಕೆ ‘ಸೂನರ್’ ಅಂತ ಬರೆದ ಟೀ ಶರ್ಟ್ ಹಾಕ್ಕೊಂಡು ಓಡಾಡ್ತಾನೆ. ಗ್ರೀನ್ ಕಾರ್ಡಿಗೆ ಪ್ರಯಾರಿಟಿ ಡೇಟ್ (ಕ್ಯೂನಲ್ಲಿ ತಮ್ಮ ಸರದಿ) ಕಾಯ್ತಾ ಕೂತಿರೋ ಮನೆ ಅದು.

ಕ್ರೀಕ್ ಜಮೀನು ಹೋಗಿದ್ದು ಓಟದಲ್ಲಲ್ಲ, ಪೋಡಿಯಲ್ಲಿ. 1901ರ ಒಪ್ಪಂದದಲ್ಲಿ ತಲೆಗೆ 160 ಎಕರೆ ಅಂತ ಹಂಚಿದ್ರು. ಒಂದ್ಸಲ ಹೆಸರಿಗೆ ಬಂದ್ಮೇಲೆ ಕೊಳ್ಳೋರು, ಸಾಲ ಕೊಡೋರು, ಮಕ್ಕಳ ಆಸ್ತಿಗೆ ‘ಗಾರ್ಡಿಯನ್’ ಆಗೋ ವಕೀಲರು ಎಲ್ಲ ಸಾಲಾಗಿ ಬಂದ್ರು. 1907ರಲ್ಲಿ ಓಕ್ಲಹೋಮ ರಾಜ್ಯ ಆಯ್ತು. ಮೂವತ್ತು ವರ್ಷ ಕಳೆಯೋದ್ರೊಳಗೆ ಅದೇ ಸೀಮೆಯ ಬಿಳಿ ಗೇಣಿದಾರರು ಗಂಟು ಮೂಟೆ ಕಟ್ಕೊಂಡು ಕ್ಯಾಲಿಫೋರ್ನಿಯಾದ ದಾರಿ ಹಿಡಿದಿದ್ರು.

ಕತೆ ಇಲ್ಲಿಗೆ ಮುಗೀತು ಅಂದ್ಕೊಂಡ್ರೆ, 2020ರ ಜುಲೈ 9ಕ್ಕೆ ಸುಪ್ರೀಂ ಕೋರ್ಟು 5–4ರಲ್ಲಿ ಹೇಳ್ತು: ಕ್ರೀಕ್ ರಿಸರ್ವೇಷನ್ನನ್ನ (ಅವರಿಗೇ ಮೀಸಲಾದ ನೆಲ) ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತು, ಯಾವತ್ತೂ ರದ್ದೇ ಮಾಡಿಲ್ಲ, ಆದ್ರಿಂದ ಅದು ಈಗ್ಲೂ ಇದೆ. 30 ಲಕ್ಷ ಎಕರೆ, ಟಲ್ಸಾದ ಬಹುಪಾಲು ಸೇರಿ. ಮಸ್ಕೋಗಿ ಊರೂ ಸೇರಿ! ಜಸ್ಟಿಸ್ ಗೋರ್ಸಚ್ ತೀರ್ಪು ಶುರು ಮಾಡಿದ್ದೇ ಕಣ್ಣೀರ ಹಾದಿಯ ಆ ತುದೀಲಿ ಒಂದು ಮಾತು ಕೊಟ್ಟಿದ್ರು ಅನ್ನೋ ಸಾಲಿಂದ. ಯಾರ ಮನೆಯೂ ಯಾರ ಕೈಗೂ ಹೋಗ್ಲಿಲ್ಲ, ಪ್ರಶ್ನೆ ಇದ್ದದ್ದು ಅಲ್ಲಿ ಅಪರಾಧ ಆದ್ರೆ ಕೇಸು ನಡೆಸೋ ಅಧಿಕಾರ ಯಾರದ್ದು ಅಂತ. 2022ರಲ್ಲಿ ಅದೇ ಕೋರ್ಟು ರಾಜ್ಯಕ್ಕೂ ಒಂದಿಷ್ಟು ಅಧಿಕಾರ ವಾಪಸ್ ಕೊಟ್ಟಿತು. ಆದ್ರೂ ಕಾಗದದ ಮೇಲೆ ಒಂದು ಗಡಿ 113 ವರ್ಷ ಆದ್ಮೇಲೆ ಎದ್ದು ಕೂತ್ಕೊಂಡ್ತು. ಬೇಸಿಗೇಲಿ ನೀರು ಇಳಿದಾಗ ಹಳೇ ರಸ್ತೆ ಕಾಣಿಸೋ ಹಾಗೆ.

ಇವರನ್ನ ಬರೀ ಸಂತ್ರಸ್ತರು ಅಂತ ಚಿತ್ರ ಬಿಡಿಸಿ ಸುಮ್ಮನಾಗೋಕೂ ಆಗಲ್ಲ. ಕ್ರೀಕ್‌ರಲ್ಲಿ ಉಳ್ಳೋರು ಕರಿಯರನ್ನ ಗುಲಾಮರಾಗಿ ಇಟ್ಕೊಂಡಿದ್ರು, ಅಲಬಾಮಾದಿಂದ ನಡೆಸ್ಕೊಂಡೇ ಬಂದಿದ್ರು. 1866ರ ಒಪ್ಪಂದದಲ್ಲಿ ಅವರಿಗೂ ಸಮಾನ ಪೌರತ್ವ ಅಂತಾಯ್ತು, 1979ರಲ್ಲಿ ಹೊಸ ಸಂವಿಧಾನ ಬರೆದು ಅವರ ವಂಶದೋರನ್ನ ಹೊರಗಿಟ್ರು. ನಾವು ಹೋಗಿ ಬಂದ ಮೂರು ತಿಂಗಳಿಗೆ, ಜುಲೈನಲ್ಲಿ, ಮಸ್ಕೋಗಿ ನೇಷನ್‌ನ ಸುಪ್ರೀಂ ಕೋರ್ಟೇ ಅದು ತಪ್ಪು, ಅವರೂ ನಮ್ಮೋರೇ ಅಂತ ತೀರ್ಪು ಕೊಟ್ಟಿತು. ಆ ಸುದ್ದಿ ಓದಿದಾಗ ಕೌಂಟರಿನ ಆ ಹೆಂಗಸು ಏನಂದಿರ್ಬಹುದು ಅಂತ ಯೋಚಿಸ್ದೆ.

ವೇಷ

ನಮ್ಮ ಹುಡುಗಂಗೆ ಐದು ವರ್ಷ ಇದ್ದಾಗ, 2019ರಲ್ಲಿ, ‘ಓಲ್ಡ್ ಟೌನ್ ರೋಡ್’ ಬಿಟ್ರೆ ಬೇರೆ ಹಾಡೇ ಗೊತ್ತಿರ್ಲಿಲ್ಲ. ಲಿಲ್ ನಾಸ್ ಎಕ್ಸ್ ಅನ್ನೋ ಕರಿಯ ಹುಡುಗ ಮಾಡಿದ್ದು, ಹಾಡುಗಳ ಜನಪ್ರಿಯತೆ ಪಟ್ಟಿ ಮಾಡೋ ಬಿಲ್‌ಬೋರ್ಡ್‌ನೋರು ಇದರಲ್ಲಿ ಕಂಟ್ರಿ ಸಾಕಷ್ಟಿಲ್ಲ ಅಂತ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿದ್ರು, ಅದು ಹೋಗಿ ಎಲ್ಲ ಹಾಡುಗಳ ಪಟ್ಟೀಲಿ 19 ವಾರ ಒಂದನೇ ಜಾಗದಲ್ಲಿ ಕೂತ್ಕೊಂಡ್ತು. ಕಂಟ್ರಿ ಸಾಕಷ್ಟಿಲ್ಲ ಅಂದ್ರೆ ಏನು? ಬ್ಯಾಂಜೋ ಬಂದಿದ್ದೇ ಆಫ್ರಿಕಾದಿಂದ ಗುಲಾಮರ ಜೊತೆ. ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೋ ಶೋ ಶುರುವಾಗಿದ್ದು 1925ರಲ್ಲಿ, ಮೊದಲ ವರ್ಷಗಳಲ್ಲಿ ಅದರ ದೊಡ್ಡ ಸ್ಟಾರ್‌ಗಳಲ್ಲಿ ಒಬ್ಬ ಡಿಫೋರ್ಡ್ ಬೇಯ್ಲಿ, ಹಾರ್ಮೋನಿಕದಲ್ಲಿ ರೈಲನ್ನೇ ಓಡಿಸ್ತಿದ್ದ ಕರಿಯ. 1941ರಲ್ಲಿ ಅವನನ್ನ ಕೆಲಸದಿಂದ ತೆಗೆದ್ರು, ಕಂಟ್ರಿ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸ್ಕೊಂಡಿದ್ದು 2005ರಲ್ಲಿ, ಅಷ್ಟೊತ್ತಿಗೆ ಅವನು ಸತ್ತು ಎಷ್ಟೋ ವರ್ಷ ಆಗಿತ್ತು.

ಇನ್ನು ಆ ಟೋಪಿ. ಹಾಡು ಹುಟ್ಟಿದ್ದು ಟೆನೆಸಿ, ವರ್ಜೀನಿಯಾ ಗುಡ್ಡಗಾಡಲ್ಲಿ, ಅಲ್ಲಿ ಯಾರೂ ಕೌಬಾಯ್ ಟೋಪಿ ಹಾಕ್ತಿರ್ಲಿಲ್ಲ. ಟೋಪಿ ಬಂದಿದ್ದು 1930ರ ದಶಕದ ಸಿನಿಮಾದಿಂದ, ಹಾಡೋ ಕೌಬಾಯ್ ಜೀನ್ ಆಟ್ರಿ ಅಂತೋರಿಂದ, ಆಟ್ರಿ ಹುಟ್ಟೂರು ಟಿಯೋಗ ನಮ್ಮನೆಯಿಂದ ಒಂದು ಗಂಟೆ ದಾರಿ ಕೂಡ ಇಲ್ಲ, ಅವನು ಸಿನಿಮಾಗೆ ಮುಂಚೆ ರೈಲ್ವೆ ಟೆಲಿಗ್ರಾಫ್ ಆಪರೇಟರ್. ನಿಜವಾಗಿ ದನ ಹೊಡ್ಕೊಂಡು ಟೆಕ್ಸಾಸ್‌ನಿಂದ ಕ್ಯಾನ್ಸಸ್‌ಗೆ ಹೋಗೋ ಕಾಲ ಇದ್ದದ್ದು 1867ರ ಹೊತ್ತಿಂದ ಇಪ್ಪತ್ತು ವರ್ಷ, ಮುಳ್ಳುತಂತಿ ಬೇಲಿ, ರೈಲು ಬಂದು ಮುಗಿಸಿಬಿಟ್ವು. ಬಡಗುತಿಟ್ಟಿನ ಮುಂಡಾಸು ನೋಡಿ ಹಳೇ ಕಾಲದ ರಾಜರು ಹೀಗೇ ಓಡಾಡ್ತಿದ್ರು ಅಂತ ಯಾರೂ ನಂಬಲ್ಲ, ಅದು ವೇಷ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ವೇಷ ಕಳಚೋದೇ ಇಲ್ಲ, ಅದೇ ಕಷ್ಟ. ಮಸ್ಕೋಗೀಲಿ ನಿಜವಾದ ಫ್ರಂಟಿಯರ್ ಹೀರೋ ಒಬ್ಬ ಮಣ್ಣಾಗಿದಾನೆ, ಬಾಸ್ ರೀವ್ಸ್, ಗುಲಾಮನಾಗಿ ಹುಟ್ಟಿ ಇಂಡಿಯನ್ ಟೆರಿಟರಿಯ (ರಾಜ್ಯ ಆಗೋಕೆ ಮುಂಚಿನ ಓಕ್ಲಹೋಮ ಕಡೆ) ಡೆಪ್ಯುಟಿ ಮಾರ್ಷಲ್ ಆಗಿ ಕಳ್ಳರನ್ನ ಹಿಡೀತಿದ್ದೋನು, ಕೊಲೆ ಮಾಡಿದ್ದ ಸ್ವಂತ ಮಗನ್ನೂ ಹಿಡಿದು ತಂದಿದ್ದ. ಹೆಮ್ಮೆಯ ಹಾಡಲ್ಲಿ ಅವನ ಹೆಸರಿಲ್ಲ. ಈಚೆಗೆ 2025ರ ನವೆಂಬರ್‌ನಲ್ಲಂತೂ ಎಐ ಮಾಡಿದ ಒಂದು ಹಾಡು ಕಂಟ್ರಿಯ ಡಿಜಿಟಲ್ ಮಾರಾಟದ ಪಟ್ಟೀಲಿ ಒಂದನೇ ಜಾಗಕ್ಕೆ ಬಂತು. ಹಾಡಿದ ‘ಗಾಯಕ’ನಿಗೆ ಗಂಟಲೂ ಇಲ್ಲ ಊರೂ ಇಲ್ಲ. ಅವನನ್ನ ಯಾರೂ ಪಟ್ಟಿಯಿಂದ ತೆಗೀಲಿಲ್ಲ.

ಆ ಶುಕ್ರವಾರ ರಾತ್ರಿ

ಇಷ್ಟೆಲ್ಲ ತಲೇಲಿ ಗಿರಕಿ ಹೊಡೀತಾ ಇದ್ದಾಗಲೇ 2025ರ ಸೆಪ್ಟೆಂಬರ್ 19 ಬಂತು. ನಮ್ಮೋರು ಇಲ್ಲಿ ಕೆಲಸಕ್ಕೆ ಬರೋ ಎಚ್-1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಅನ್ನೋ ಘೋಷಣೆ. ಭಾನುವಾರ ಬೆಳಗಿನ ಜಾವ 12:01ರಿಂದ ಜಾರಿ. ಹಳಬರಿಗೂ ಅನ್ವಯಿಸುತ್ತಾ, ಹೊಸಬರಿಗೆ ಮಾತ್ರಾನಾ, ಆವತ್ತು ಯಾರಿಗೂ ಗೊತ್ತಿಲ್ಲ. ನಮ್ಮ ಬೀದಿ ವಾಟ್ಸಾಪ್ ಗ್ರೂಪಲ್ಲಿ ಸಾಮಾನ್ಯವಾಗಿ ಬರೋದು ಸತ್ಯನಾರಾಯಣ ಪೂಜೆ, ಸ್ಪ್ರಿಂಕ್ಲರ್ ರಿಪೇರಿ, ಅಷ್ಟೆ. ಆವತ್ತು ರಾತ್ರಿ ಹನ್ನೊಂದಕ್ಕೂ ಟಿಂಗ್ ಟಿಂಗ್. ಅಮ್ಮನಿಗೆ ಆಪರೇಷನ್ ಅಂತ ಹಾಸನಕ್ಕೆ ಹೋಗಿದ್ದ ಒಬ್ಬ ಅರ್ಧಕ್ಕೇ ಹೊರಟು ಬೆಂಗಳೂರು ಏರ್‌ಪೋರ್ಟಲ್ಲಿ ಕೂತಿದ್ದ, ಟಿಕೆಟ್ ರೇಟು ಏರ್ತಾ ಇರೋ ಸ್ಕ್ರೀನ್‌ಶಾಟ್ ಕಳಿಸ್ತಾ ಇದ್ದ. ಮಾರನೇ ದಿನ ಇದು ಹೊಸ ಅರ್ಜಿಗಳಿಗೆ ಮಾತ್ರ ಅಂತ ಸ್ಪಷ್ಟನೆ ಬಂತು, ಅಷ್ಟರಲ್ಲಿ ಅವನು ವಿಮಾನದಲ್ಲಿದ್ದ.

1936ರ ಗಡಿ ಪೊಲೀಸರು ಜೇಬು ನೋಡ್ತಿದ್ದಿದ್ದು ನೆನಪಾಯ್ತು. ಓಕಿಗಳ ಸಂಕಟ ಬೇರೆ, ನಮ್ದು ಬೇರೆ, ಮೂರು ಬೆಡ್‌ರೂಮಿನ ಮನೇಲಿ ಕೂತು ನಾನೂ ಓಕಿ ಅನ್ನೋದು ಸೊಕ್ಕಾಗುತ್ತೆ. ಆದ್ರೆ ಅದೇ ವರ್ಷ ಜನವರೀಲಿ ವೀಸಾದೋರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಇಲ್ಲ ಅನ್ನೋ ಆದೇಶ ಬಂದಾಗ ಸರ್ಕಾರದ ವಕೀಲರು ಕೋರ್ಟಲ್ಲಿ ಎತ್ತಿಕೊಂಡ ಹಳೇ ಕೇಸು ಯಾವುದು ಗೊತ್ತಾ? 1884ರ ಎಲ್ಕ್ ವಿರುದ್ಧ ವಿಲ್ಕಿನ್ಸ್. ಜಾನ್ ಎಲ್ಕ್ ಅನ್ನೋ ಮೂಲನಿವಾಸಿ ಒಮಾಹದಲ್ಲಿ ವೋಟು ಹಾಕೋಕೆ ಹೋದಾಗ, ನೀನು ಈ ನೆಲದಲ್ಲೇ ಹುಟ್ಟಿದ್ರೂ ಪ್ರಜೆ ಅಲ್ಲ ಅಂದ ತೀರ್ಪು. ಎಲ್ಲ ಮೂಲನಿವಾಸಿಗಳಿಗೆ ಪೌರತ್ವ ಸಿಕ್ಕಿದ್ದು 1924ರಲ್ಲಿ. ಆದೇಶ ಇದ್ದದ್ದು ಮುಂದೆ ಹುಟ್ಟೋರಿಗೆ, ನಮ್ಮ ಹುಡುಗಂಗೆ ತಟ್ಟೋದಲ್ಲ. ಪೆಟ್ರೋಲ್ ಬಂಕಿನ ಹೆಂಗಸು ‘ಯಾವ ಟ್ರೈಬು’ ಅಂದಾಗ ನಾವಿಬ್ರೂ ನಕ್ಕಿದ್ದು ಆ ಪದದ ಗೊಂದಲಕ್ಕೆ. ವಕೀಲರು ಗೊಂದಲ ಏನೂ ಇಲ್ಲದೆ ಇಬ್ಬರನ್ನೂ ಒಂದೇ ಫೈಲಿಗೆ ಹಾಕಿದ್ರು.

ಹಳೇ ಊರು

ಟಲ್ಸಾದಲ್ಲಿ ಗೆಳತಿ ಎರಡನೇ ದಿನ ಒಂದು ಸಣ್ಣ ಪಾರ್ಕಿಗೆ ಕರ್ಕೊಂಡು ಹೋದ್ಲು. (ಗ್ರೀನ್‌ವುಡ್‌ಗೂ ಹೋಗಿದ್ವಿ, 1921ರಲ್ಲಿ ಕರಿಯರ ಆ ಬಡಾವಣೆ ಸುಟ್ಟ ಜಾಗ. ಅದನ್ನ ಇದರ ಮಧ್ಯೆ ತುರುಕಲ್ಲ.) ಮನೆಗಳ ನಡುವೆ ಒಂದು ಸೈಟಿನಷ್ಟು ಜಾಗ, ಸುತ್ತ ಬೇಲಿ, ಒಳಗೆ ಒಂದು ಓಕ್ ಮರ. ಕೌನ್ಸಿಲ್ ಓಕ್ ಅಂತಾರೆ. 1836ರಲ್ಲಿ ಲೋಚಪೋಕ ಊರಿನ ಕ್ರೀಕ್‌ರು ಅಲಬಾಮಾದ ತಮ್ಮ ಊರ ಬೆಂಕಿಯ ಬೂದೀನ ದಾರಿಯುದ್ದಕ್ಕೂ ಹೊತ್ಕೊಂಡು ಬಂದು, ಈ ಮರದ ಹತ್ರ ಅದನ್ನ ನೆಲಕ್ಕೆ ಹಾಕಿ ಹೊಸ ಬೆಂಕಿ ಹಚ್ಚಿದ್ರು. ಆಮೇಲೆ ಬೆಳೆದ ಊರಿಗೆ ಟಲ್ಸಾ ಅಂತ ಹೆಸರು ಬಂದಿದ್ದು ಅವರ ‘ತಲಾಸಿ’ ಅನ್ನೋ ಪದದಿಂದ, ಹಳೇ ಊರು ಅಂತ ಅರ್ಥ. ಮರದ ಕೆಳಗೆ ಅಳಿಲು ಬಿಟ್ರೆ ಯಾರೂ ಇರ್ಲಿಲ್ಲ. ಮಗ ಬೋರು ಅಂತ ಕಾರಲ್ಲೇ ಕೂತ. ನಾನು ಬೇಲಿ ಹಿಡ್ಕೊಂಡು ಅಪ್ಪಯ್ಯಂಗೆ ವಿಡಿಯೋ ಕಾಲ್ ಮಾಡಿದೆ, ಅಲ್ಲಿ ರಾತ್ರಿ ಊಟ ಆಗಿತ್ತು.

‘ಎಲ್ಲಿದೀಯೇ ಪುಟ್ಟಿ?’

‘ಟಲ್ಸಾ ಅಂತ, ಅಪ್ಪಯ್ಯ. ಹಳೇ ಊರು ಅಂತ ಅರ್ಥವಂತೆ.’ ಬೂದಿ ತಂದ ಕತೆ ಹೇಳಿದೆ. ಅಪ್ಪಯ್ಯನಿಗೆ ಅದು ಅಷ್ಟೇನೂ ಆಶ್ಚರ್ಯ ಅನ್ನಿಸ್ಲಿಲ್ಲ. ಅಜ್ಜಿ ಮುಳುಗಡೆ ಮನೆಯ ಮುಂಬಾಗಿಲ ದಾರಂದ ಕೀಳಿಸಿ ಲಾರಿಗೆ ಹಾಕ್ಸಿದ್ರು, ಹೆಂಚು ಬಿಟ್ರೂ ಪರವಾಗಿಲ್ಲ ಇದು ಬೇಕು ಅಂತ ಹಟ ಹಿಡಿದಿದ್ರು, ಈಗಿರೋ ಮನೆಗೂ ಅದೇ ದಾರಂದ. ಗೋಡೆಗಿಂತ ಅರ್ಧ ಅಡಿ ಗಿಡ್ಡ, ಎತ್ತರದೋರು ಬಂದ್ರೆ ತಲೆ ಹೊಡ್ಕೊಳ್ತಾರೆ. ಆ ಮನೆ ಜಾಗದ ಹಕ್ಕುಪತ್ರ ಕಾಡಿನ ಜಮೀನು ಅನ್ನೋ ತಕರಾರಲ್ಲಿ ಇನ್ನೂ ಬಂದಿಲ್ಲ.

‘ಬೂದಿ ತಂದ್ರಾ? ದಾರಂದಕ್ಕಿಂತ ಹಗುರ ಬಿಡು’ ಅಂದ ಅಪ್ಪಯ್ಯ. ಸ್ವಲ್ಪ ಹೊತ್ತು ಮರ ನೋಡಿದ್ರು, ಫೋನ್ ಮೇಲೆತ್ತು, ತುದಿ ಕಾಣಿಸ್ತಿಲ್ಲ ಅಂದ್ರು. ಆಮೇಲೆ ಸಿಗಂದೂರು ಸೇತುವೆ ಕೆಲಸ ಮುಗೀತಾ ಬಂತು, ಇನ್ನು ಲಾಂಚಿಗೆ ಕಾಯೋ ಹಾಗಿಲ್ಲ ಅಂತ ಸುದ್ದಿ ಹೇಳಿದ್ರು. (ಜುಲೈ 14ಕ್ಕೆ ಉದ್ಘಾಟನೆ ಆಯ್ತು, ಎರಡೂವರೆ ಕಿಲೋಮೀಟರ್ ಹತ್ರ ಹತ್ರ ಉದ್ದ.) ‘ಈ ಸಲ ನೀರು ಬೇಗ ಇಳೀತಾ ಇದೆ. ನಿನ್ನೆ ನಿಮ್ಮ ಚಿಕ್ಕಪ್ಪನ ಜೊತೆ ಹೋಗಿದ್ದೆ. ನಮ್ಮ ಬಾವಿ ಕಟ್ಟೆ ಎದ್ದಿದೆ.’

‘ಫೋಟೋ ತೆಗೆದ್ರಾ?’

‘ಚಾರ್ಜ್ ಇರ್ಲಿಲ್ಲ. ನಾಳೆ ಮತ್ತೆ ಹೋಗ್ತೀನಿ’ ಅಂದ್ರು.